ಹೊಸ ಲ್ಯಾಪ್‌ಟಾಪು, ಹಳೇ ವಿಂಡೋಸು

ಹೊಸ ಲ್ಯಾಪ್‌ಟಾಪ್ ಕೊಂಡು ಅದಕ್ಕೆ ಹಳೇ ಆಪರೇಟಿಂಗ್ ಸಿಸ್ಟಮ್ (ಓಎಸ್) ಹಾಕಿಸುವ ಆಸೆ ಇವತ್ತು ನಿನ್ನೆಯದಲ್ಲ. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಎಷ್ಟೋ ಜನ ಅದನ್ನು ಕಿತ್ತು ಅದರ ಹಿಂದಿನ ಎಕ್ಸ್‌ಪಿ ಹಾಕಿಸಿಕೊಂಡರು. 2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಬಟನ್ನನ್ನೇ ನುಂಗಿಹಾಕಿದಾಗ 7ಕ್ಕೆ ವಾಪಸ್ ಓಡಿದರು. 2015ರಲ್ಲಿ 10 ಬಂತು. ಸತ್ತರೂ 7 ಬಿಡೆವು ಎಂದವರಿಗೆ ಆಗಲೂ ಕೊರತೆ ಇರಲಿಲ್ಲ. 2021ರ ಅಕ್ಟೋಬರ್‌ನಲ್ಲಿ 11 ಬಂದದ್ದೇ ತಡ, ಅಷ್ಟು ವರ್ಷ ಬೈಸಿಕೊಂಡಿದ್ದ 10 ಒಮ್ಮೆಗೇ ಎಲ್ಲರ ಬಾಯಲ್ಲೂ ಒಳ್ಳೆಯದಾಯಿತು. ಸುತ್ತು ಸುತ್ತಿಗೂ ಹೆಸರುಗಳು ಬದಲಾಗುತ್ತವೆ, ವಾದ ಮಾತ್ರ ಅದೇ. ಹಾಗಂತ ಉತ್ತರವೂ ಪ್ರತಿ ಸಲ ಅದೇ ಅಂದುಕೊಂಡರೆ ಎಡವುತ್ತೇವೆ.

ಈ ಪ್ರಶ್ನೆ ಇತ್ತೀಚೆಗೆ ನನ್ನ ಮುಂದೆ ಎರಡು ವೇಷ ಹಾಕಿಕೊಂಡು ಬಂತು. ಒಂದು ನನ್ನದೇ. ಹೊಸ ಲ್ಯಾಪ್‌ಟಾಪ್ 11ರ ಜೊತೆ ಬಂದಿದೆ, ನನ್ನ ಕೈಗೆ 10 ಒಗ್ಗಿದೆ, ಬದಲಿಸಿಬಿಡಲೇ ಎಂಬ ಯೋಚನೆ. ಇನ್ನೊಂದು ಚಿಕ್ಕಪ್ಪನ ಮಗಳದು. ಅವಳು ಒಂದು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿನ ಒಂದು ಅಳತೆ ಉಪಕರಣ ಇನ್ನೂ ಗಟ್ಟಿಮುಟ್ಟಾಗಿದೆ, ಆದರೆ ಅದನ್ನು ಓಡಿಸುವ ಡೆಸ್ಕ್‌ಟಾಪ್ ಮಾತ್ರ ಇವತ್ತೋ ನಾಳೆಯೋ ಎನ್ನುವ ಸ್ಥಿತಿಗೆ ಬಂದಿದೆ. "ಅಣ್ಣಾ, ಹೊಸ ಲ್ಯಾಪ್‌ಟಾಪ್ ಬಂದಿದೆ. ಅದಕ್ಕೆ ಎಕ್ಸ್‌ಪಿ ಹಾಕಿಕೊಡ್ತೀಯಾ? ಆ ಸಾಫ್ಟ್‌ವೇರ್ ಬೇರೆ ಯಾವುದರಲ್ಲೂ ಓಡಲ್ಲ," ಎಂದು ಫೋನ್ ಮಾಡಿದಳು. ನನ್ನದು ಅಭ್ಯಾಸದ ಮಾತು, ಅವಳದು ಅಗತ್ಯದ ಮಾತು. ಎರಡಕ್ಕೂ ಮದ್ದು ಒಂದೇ ಎಂದು ನಾವಿಬ್ಬರೂ ಅಂದುಕೊಂಡಿದ್ದೆವು.

ಅಭ್ಯಾಸವನ್ನು ಹಗುರವಾಗಿ ಕಾಣುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಿಗೆ ಬೆರಳು ಎಲ್ಲಿ ಹೋಗುತ್ತದೆ, ಕಣ್ಣು ಯಾವ ಮೂಲೆಯನ್ನು ನೋಡುತ್ತದೆ ಎಂಬುದು ವರ್ಷಗಟ್ಟಲೆ ಕಟ್ಟಿಕೊಂಡ ಆಸ್ತಿ. 11 ಬಂದಾಗ ಟಾಸ್ಕ್‌ಬಾರನ್ನು ಪರದೆಯ ಪಕ್ಕಕ್ಕೋ ಮೇಲಕ್ಕೋ ಸರಿಸುವ ಸೌಲಭ್ಯ ಹೋಯಿತು, ರೈಟ್ ಕ್ಲಿಕ್ ಮಾಡಿದರೆ ಬರುತ್ತಿದ್ದ ಉದ್ದನೆಯ ಪಟ್ಟಿಯನ್ನು ಕತ್ತರಿಸಿ ಉಳಿದದ್ದನ್ನು ಇನ್ನೊಂದು ಕ್ಲಿಕ್ಕಿನ ಹಿಂದೆ ಅಡಗಿಸಲಾಯಿತು. ಮೊದಲ ಸಲ ಆನ್ ಮಾಡಿದಾಗಲೇ ಇಂಟರ್ನೆಟ್ ಬೇಕು, ಆನ್‌ಲೈನ್ ಖಾತೆ ಬೇಕು ಎಂಬ ಒತ್ತಾಯವೂ ಜೋರಾಯಿತು. ಇವಕ್ಕೆ ಗೊಣಗಿದವರನ್ನು 'ಬದಲಾವಣೆಗೆ ಹೆದರುವವರು' ಎಂದು ಮೂಲೆಗೆ ತಳ್ಳುವುದು ಸುಲಭ. ಆದರೆ 8ರಲ್ಲಿ ಕಿತ್ತುಹಾಕಿದ ಸ್ಟಾರ್ಟ್ ಬಟನ್ನು ಮರುವರ್ಷವೇ 8.1ರಲ್ಲಿ ಹಿಂತಿರುಗಿತು, 10ರಲ್ಲಿ ಸ್ಟಾರ್ಟ್ ಮೆನುವೂ ಬಂತು. 11ರಲ್ಲಿ ಟಾಸ್ಕ್‌ಬಾರ್ ಗುಂಡಿಗಳನ್ನು ಬಿಡಿಬಿಡಿಯಾಗಿ, ಹೆಸರಿನ ಸಮೇತ ತೋರಿಸುವ ಆಯ್ಕೆಯೂ 2023ರ ಹೊತ್ತಿಗೆ ಮರಳಿ ಸಿಕ್ಕಿತು. ಗೊಣಗಿದವರ ಮಾತಿನಲ್ಲಿ ಹುರುಳಿತ್ತು ಎಂದೇ ಅಲ್ಲವೇ ಇದರ ಅರ್ಥ?

ಇನ್ನೊಂದು ಮಗ್ಗುಲೂ ಇದೆ. ವಿಸ್ಟಾವನ್ನು ಉಗಿದವರೇ ಎರಡು ವರ್ಷ ಕಳೆದು 7ನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಒಳಗಿನ ಆವೃತ್ತಿ ಸಂಖ್ಯೆ ನೋಡಿದರೆ ವಿಸ್ಟಾ 6.0, ವಿಂಡೋಸ್ 7 ಬರೀ 6.1. ಅಂದರೆ ಎರಡೂ ಒಂದೇ ಬುಡದವು. 7ನ್ನು ಹೆಚ್ಚು ಚುರುಕು ಮಾಡಿದ್ದು ನಿಜ. ಆದರೆ ಅಷ್ಟೇ ಮುಖ್ಯವಾಗಿ, ಆ ಎರಡು ವರ್ಷಗಳಲ್ಲಿ ಪ್ರಿಂಟರ್, ಗ್ರಾಫಿಕ್ಸ್, ವೈಫೈ ಕಂಪನಿಗಳೆಲ್ಲ ಹೊಸ ಬಗೆಯ ಡ್ರೈವರ್ (ಬಿಡಿಭಾಗವನ್ನು ಓಎಸ್ ಜೊತೆ ಮಾತಾಡಿಸುವ ಸಣ್ಣ ಸಾಫ್ಟ್‌ವೇರ್) ಬರೆಯುವುದನ್ನು ಕಲಿತಿದ್ದವು, ಯಂತ್ರಗಳಲ್ಲಿ ರ‍್ಯಾಮ್ ಕೂಡ ಹೆಚ್ಚಿತ್ತು. ವಿಸ್ಟಾ ಮೊದಲು ಹೋಗಿ ಬೈಸಿಕೊಂಡಿತು, 7 ಹದವಾದ ನೆಲಕ್ಕೆ ಬಂದು ಹೆಸರು ಗಳಿಸಿತು. ಹೊಸ ಓಎಸ್ ಕೆಟ್ಟದ್ದು ಎಂದು ನಾವು ಅನ್ನುವಾಗ, ಅದು ಕೆಟ್ಟದ್ದೋ ಅಥವಾ ನಾವು ಅದನ್ನು ತೀರಾ ಎಳಸಾಗಿರುವಾಗ ಕಂಡೆವೋ ಎಂದು ಕೇಳಿಕೊಳ್ಳಬೇಕು.

ಈಗ ಯಂತ್ರದ ಮಾತು. ಓಎಸ್ ಎಂದರೆ ಪರದೆಯ ಮೇಲೆ ಕಾಣುವ ಮೆನು, ಬಣ್ಣ, ಐಕಾನ್ ಎಂದೇ ನಮ್ಮ ಮನಸ್ಸಿನಲ್ಲಿ ಕೂತಿದೆ. ಯಂತ್ರಕ್ಕೆ ಇವು ಯಾವುವೂ ಬೇಡ. ಒಂದು ಹಳೇ ಓಎಸ್ ಬಿಡುಗಡೆಯಾದ ದಿನ ಯಾವ ಯಾವ ಬಿಡಿಭಾಗಗಳು ಲೋಕದಲ್ಲಿದ್ದವೋ ಅವುಗಳ ಪರಿಚಯ ಮಾತ್ರ ಅದಕ್ಕಿರುತ್ತದೆ. ಅದಾದ ಮೇಲೆ ಹುಟ್ಟಿದ್ದೆಲ್ಲ ಅದಕ್ಕೆ ಅಪರಿಚಿತ. ಯಾರಾದರೂ ಡ್ರೈವರ್ ಬರೆದು ಪರಿಚಯ ಮಾಡಿಸಿಕೊಡಬೇಕು.

ವಿಸ್ಟಾ ಕಾಲದ ಲ್ಯಾಪ್‌ಟಾಪಿಗೆ ಎಕ್ಸ್‌ಪಿ ಹಾಕಹೊರಟವರು ಮೊದಲ ಗೋಡೆಗೆ ತಲೆ ಚಚ್ಚಿಕೊಂಡದ್ದು ಹಾರ್ಡ್ ಡಿಸ್ಕ್ ವಿಷಯದಲ್ಲಿ. 2001ರ ಎಕ್ಸ್‌ಪಿಗೆ ಎಎಚ್‌ಸಿಐ ಎಂಬ ಹೊಸ ಡಿಸ್ಕ್ ಪದ್ಧತಿ ಗೊತ್ತಿರಲಿಲ್ಲ. ಸಿಡಿ ಹಾಕಿ ಶುರು ಮಾಡಿದರೆ ಸ್ವಲ್ಪ ಹೊತ್ತಿಗೆ ನೀಲಿ ಪರದೆ ಬರುತ್ತಿತ್ತು, ಇಲ್ಲವೇ 'ಹಾರ್ಡ್ ಡಿಸ್ಕೇ ಇಲ್ಲ' ಎಂಬ ಉತ್ತರ. ಡ್ರೈವರ್ ಕೊಡಬೇಕೆಂದರೆ ಶುರುವಿನಲ್ಲೇ ಎಫ್6 ಒತ್ತಬೇಕು, ಒತ್ತಿದರೆ ಅದು ಕೇಳುತ್ತಿದ್ದುದು ಫ್ಲಾಪಿ! ಲ್ಯಾಪ್‌ಟಾಪ್‌ಗಳಿಂದ ಫ್ಲಾಪಿ ಡ್ರೈವ್ ಮಾಯವಾಗಿ ಆಗಲೇ ಕಾಲವಾಗಿತ್ತು. ಓಎಸ್‌ಗಿಂತ ಮೊದಲು ಯಂತ್ರವನ್ನು ಎಬ್ಬಿಸುವ ಬಯಾಸ್‌ನ ಸೆಟಿಂಗ್‌ಗೆ ಹೋಗಿ ಡಿಸ್ಕನ್ನು ಹಳೇ ಐಡಿಇ ಪದ್ಧತಿಗೆ ತಿರುಗಿಸಿ ಬಚಾವಾದವರಿದ್ದಾರೆ. ಎನ್‌ಲೈಟ್‌ನಂಥ ಸಾಧನ ಹಿಡಿದು ಡ್ರೈವರನ್ನು ಸಿಡಿಯೊಳಗೇ ಸೇರಿಸಿ ಹೊಸ ಸಿಡಿ ಸುಟ್ಟವರೂ ಇದ್ದಾರೆ. ಕಷ್ಟವಿತ್ತು, ದಾರಿ ಇತ್ತು.

ಹತ್ತು ವರ್ಷ ಕಳೆದು ಅದೇ ಕತೆ 7ಕ್ಕೆ ಬಂದಾಗ ಗಂಟು ಇನ್ನೂ ಬಿಗಿಯಾಗಿತ್ತು. ಇಂಟೆಲ್‌ನ ಆರನೇ ಪೀಳಿಗೆಯ, ಅಂದರೆ ಸ್ಕೈಲೇಕ್ ಕಾಲದ ಯಂತ್ರಗಳಲ್ಲಿ ಹಳೇ ಯುಎಸ್‌ಬಿ 2.0 ಕಂಟ್ರೋಲರನ್ನು (ಪೋರ್ಟ್‌ಗಳನ್ನು ನಡೆಸುವ ಭಾಗ) ತೆಗೆದು, ಎಲ್ಲ ಪೋರ್ಟ್‌ಗಳನ್ನೂ ಯುಎಸ್‌ಬಿ 3.0ರ ಕಂಟ್ರೋಲರ್ ಕೈಗೇ ಕೊಟ್ಟಿದ್ದರು. 2009ರ ವಿಂಡೋಸ್ 7ರ ಇನ್‌ಸ್ಟಾಲರ್‌ಗೆ ಆ ಕಂಟ್ರೋಲರ್ ಗೊತ್ತಿಲ್ಲ. ಪರಿಣಾಮ ನೋಡಿ: ಪೆನ್ ಡ್ರೈವ್‌ನಿಂದಲೇ ಇನ್‌ಸ್ಟಾಲರ್ ಶುರುವಾಗುತ್ತದೆ, ಸ್ವಾಗತದ ಪರದೆ ಬರುತ್ತದೆ, ಅಲ್ಲಿಗೆ ಮೌಸ್ ಸತ್ತಿರುತ್ತದೆ, ಯುಎಸ್‌ಬಿ ಕೀಬೋರ್ಡ್ ಸತ್ತಿರುತ್ತದೆ, ತಾನು ಯಾವ ಪೆನ್ ಡ್ರೈವ್‌ನಿಂದ ಎದ್ದು ಬಂತೋ ಆ ಪೆನ್ ಡ್ರೈವೇ ಅದಕ್ಕೆ ಕಾಣುವುದಿಲ್ಲ. ಡ್ರೈವರ್ ಕೊಡಿ ಎನ್ನುತ್ತದೆ. ಕೊಡುವುದು ಯಾವ ಬಾಯಿಯಿಂದ? ಅದೇ ಯಂತ್ರದಲ್ಲಿ ಎನ್‌ವಿಎಂಇ ಎಂಬ ಹೊಸ ಬಗೆಯ ಎಸ್‌ಎಸ್‌ಡಿ ಡಿಸ್ಕ್ ಇದ್ದರೆ ಅದೂ ಕಾಣದು. ಅದಕ್ಕೆ ಬೇರೆ ತೇಪೆಯನ್ನು (ಪ್ಯಾಚ್) ಮೊದಲೇ ಇನ್‌ಸ್ಟಾಲರ್ ಒಳಗೆ ಹೊಲಿದಿರಬೇಕು.

ಇಷ್ಟೆಲ್ಲ ದಾಟಿದವರಿಗೂ ಮುಂದೆ ಬೇಲಿಗಳಿದ್ದವು. 7ಕ್ಕೆ ಪರದೆಯ ಮೇಲೆ ಚಿತ್ರ ಮೂಡಿಸಲು ಹಳೇ ಬಯಾಸ್‌ನ ಒಂದು ಸೇವೆ ಬೇಕೇ ಬೇಕು. ಬಯಾಸ್‌ನ ಜಾಗಕ್ಕೆ ಬಂದ ಹೊಸ ಯುಇಎಫ್‌ಐ ಫರ್ಮ್‌ವೇರ್‌ಗಳಲ್ಲಿ ಸಿಎಸ್‌ಎಂ ಎಂಬ ಹೊಂದಾಣಿಕೆಯ ಭಾಗ ಇದ್ದಷ್ಟು ದಿನ ಅದು ನಡೆಯಿತು. 2020ರ ಹೊತ್ತಿಗೆ ಅದನ್ನು ಕೈಬಿಡುವ ಯೋಜನೆಯನ್ನು ಇಂಟೆಲ್ 2017ರಲ್ಲೇ ಹೇಳಿತ್ತು, ಇವತ್ತಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಅದು ಇಲ್ಲ. ನಿದ್ದೆಯದೂ ಇಂಥದೇ ತೊಡಕು. ಮುಚ್ಚಳ ಮುಚ್ಚಿದರೆ ಎಸ್3 ಎಂಬ ಸ್ಥಿತಿಗೆ ಹೋಗುವುದು 7ಕ್ಕೆ ಗೊತ್ತಿರುವ ನಿದ್ದೆ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್‌ನಲ್ಲಿ ಆ ಸ್ಥಿತಿಯೇ ಇಲ್ಲ. ಅವುಗಳದು ಫೋನಿನ ಹಾಗೆ ಅರೆಎಚ್ಚರದ 'ಮಾಡರ್ನ್ ಸ್ಟ್ಯಾಂಡ್‌ಬೈ'. ಒಂದಕ್ಕೆ ತಿಳಿದ ನಿದ್ದೆ ಇನ್ನೊಂದರಲ್ಲಿಲ್ಲ. ಸಾಲದ್ದಕ್ಕೆ, ಇನ್ನು ಮುಂದಿನ ಪ್ರೊಸೆಸರ್‌ಗಳಿಗೆ 10 ಮಾತ್ರ ಎಂದು ಮೈಕ್ರೋಸಾಫ್ಟ್ 2016ರ ಜನವರಿಯಲ್ಲಿ ಸಾರಿತು. ಕೇಬಿ ಲೇಕ್ ಮುಂತಾದ ಹೊಸ ಪ್ರೊಸೆಸರ್ ಮೇಲೆ 7 ಅಥವಾ 8.1 ಓಡಿಸುವವರಿಗೆ 2017ರಿಂದ ಅಪ್‌ಡೇಟನ್ನೇ ತಡೆಹಿಡಿಯಿತು. ಆ ತಡೆ ತಾಂತ್ರಿಕ ಅನಿವಾರ್ಯವಾಗಿರಲಿಲ್ಲ, ವ್ಯಾಪಾರದ ನಿರ್ಧಾರವಾಗಿತ್ತು ಎಂದೇ ನನ್ನ ಅಭಿಪ್ರಾಯ. ಆದರೂ ಲ್ಯಾಪ್‌ಟಾಪ್ ಕೊಂಡವರ ಪಾಲಿಗೆ ಫಲ ಒಂದೇ.

ಡೆಸ್ಕ್‌ಟಾಪ್ ಆಗಿದ್ದರೆ ಒಂದು ಹಳೇ ಗ್ರಾಫಿಕ್ಸ್ ಕಾರ್ಡೋ ಬೇರೆ ನೆಟ್‌ವರ್ಕ್ ಕಾರ್ಡೋ ಸಿಕ್ಕಿಸಿ ಏನಾದರೂ ಮಾಡಬಹುದು. ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಒಂದೇ ಹಲಗೆಗೆ ಅಂಟಿಕೊಂಡಿರುತ್ತದೆ. ಟಚ್‌ಪ್ಯಾಡ್, ಬೆರಳಚ್ಚು ಓದುವ ಗುಂಡಿ, ಕ್ಯಾಮೆರಾ, ಫ್ಯಾನ್ ಯಾವಾಗ ತಿರುಗಬೇಕು, ಬ್ಯಾಟರಿ ಎಷ್ಟಕ್ಕೆ ಚಾರ್ಜ್ ನಿಲ್ಲಿಸಬೇಕು, ಪರದೆಯ ಬೆಳಕು ಹೇಗೆ ಏರಿಳಿಯಬೇಕು, ಪ್ರತಿಯೊಂದರ ಹಿಂದೆಯೂ ತಯಾರಕರು ಒಂದು ನಿರ್ದಿಷ್ಟ ಓಎಸ್ ಅನ್ನು ಮನಸ್ಸಿನಲ್ಲಿಟ್ಟು ಬರೆದ ಡ್ರೈವರ್ ಇದೆ. ಅದಿಲ್ಲದಿದ್ದರೂ ಲ್ಯಾಪ್‌ಟಾಪ್ ಓಡುತ್ತದೆ ಅನ್ನಿ. ಬಿಸಿ ಹೆಚ್ಚು, ಬ್ಯಾಟರಿ ಕಡಿಮೆ, ಎರಡು ಬೆರಳಲ್ಲಿ ಸ್ಕ್ರೋಲ್ ಇಲ್ಲ. ಹೊಸದನ್ನು ಕೊಂಡದ್ದು ಯಾವುದಕ್ಕೋ ಅದನ್ನೇ ಕಳೆದುಕೊಂಡು ಓಡುತ್ತದೆ.

ಹಾಗಾದರೆ ನನ್ನ ಆಸೆಯ 10? ಇಲ್ಲಿ ಚಿತ್ರ ಬೇರೆ. 11ರ ಒಳಗಿನ ಆವೃತ್ತಿ ಸಂಖ್ಯೆ ಇವತ್ತಿಗೂ 10.0 ಎಂದೇ ಶುರುವಾಗುತ್ತದೆ. ಬಿಲ್ಡ್ ಸಂಖ್ಯೆ 22000ದಿಂದ ಮುಂದಕ್ಕೆ ಹೋಯಿತು ಅಷ್ಟೆ. ಹೀಗಾಗಿ ಒಂದರ ಡ್ರೈವರ್ ಬಹಳಷ್ಟು ಸಲ ಇನ್ನೊಂದರಲ್ಲೂ ನಡೆಯುತ್ತದೆ. ಹಿಂದಿನ ಮೆಟ್ಟಿಲಿಗೆ ಇಳಿಯುವುದು ಎರಡು ಮೆಟ್ಟಿಲು ಹಾರುವಷ್ಟು ಕಷ್ಟವಲ್ಲ. ಇಂಟೆಲ್‌ನ 11ನೇ ಪೀಳಿಗೆಯಿಂದ ಈಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ವಿಎಂಡಿ ಎಂಬ ಕಂಟ್ರೋಲರ್ ಹಿಂದೆ ಕೂತಿರುತ್ತದೆ, 10ರ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣುವುದಿಲ್ಲ. ಒಂದು ಡ್ರೈವರ್ ಫೋಲ್ಡರನ್ನು ಪೆನ್ ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದರೆ ಅಲ್ಲೇ ತೋರಿಸಿ ದಾಟಬಹುದು. ಎಕ್ಸ್‌ಪಿಯ ಎಫ್6 ಪುರಾಣವೇ, ಫ್ಲಾಪಿ ಬದಲಿಗೆ ಪೆನ್ ಡ್ರೈವ್ ಸಾಕು ಎಂಬುದಷ್ಟೇ ಪ್ರಗತಿ.

ಸಿಗದೇ ಹೋಗುವ ಸಂಗತಿಗಳು ಕಣ್ಣಿಗೆ ಕಾಣುವಂಥವಲ್ಲ. 2021ರ ಕೊನೆಗೆ ಬಂದ 12ನೇ ಪೀಳಿಗೆಯಿಂದ ಇಂಟೆಲ್ ಪ್ರೊಸೆಸರ್‌ಗಳಲ್ಲಿ ದೊಡ್ಡ ಕೋರ್, ಸಣ್ಣ ಕೋರ್ ಎಂಬ ಎರಡು ಜಾತಿ ಬಂದವು. ಯಾವ ಕೆಲಸವನ್ನು ಯಾವುದಕ್ಕೆ ಹಂಚಬೇಕು ಎಂದು ಪ್ರೊಸೆಸರ್ ಕೊಡುವ ಸುಳಿವನ್ನು 11 ಪೂರ್ತಿಯಾಗಿ ಬಳಸಿಕೊಳ್ಳುತ್ತದೆ, 10ಕ್ಕೆ ಆ ಭಾಷೆ ಅಷ್ಟಾಗಿ ಬಾರದು. ವೈಫೈನಲ್ಲಿ 6 ಗಿಗಾಹರ್ಟ್ಸ್ ಪಟ್ಟಿ 10ಕ್ಕೆ ಸಿಗಲಿಲ್ಲ. ಕಾರ್ಡ್ ಅದೇ ಇದ್ದರೂ ಆ ದಾರಿ ಮುಚ್ಚಿದ ಹಾಗೆ. ಇನ್ನು 2024ರಿಂದ ಬರುತ್ತಿರುವ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್‌ನ ಲ್ಯಾಪ್‌ಟಾಪ್ ನಿಮ್ಮದಾದರೆ ಈ ಚರ್ಚೆಯನ್ನು ಇಲ್ಲಿಗೇ ನಿಲ್ಲಿಸಿ. ಅದು ಇಂಟೆಲ್‌ಗಿಂತ ಬೇರೆ ಬಗೆಯ ಆರ್ಮ್ ಪ್ರೊಸೆಸರ್ ಲೋಕದ್ದು, ನಮ್ಮ ಮಾಮೂಲಿ 64 ಬಿಟ್ ಸಾಫ್ಟ್‌ವೇರ್‌ಗಳನ್ನು ಅದರ ಮೇಲೆ ಓಡಿಸುವ ಅನುಕರಣೆ ಇರುವುದೇ 11ರಲ್ಲಿ.

ಸುರಕ್ಷತೆಯ ಮಾತೆತ್ತಿದರೆ ಜನ ಆಕಳಿಸುತ್ತಾರೆ. 'ನಾನು ಬೇಡದ ಜಾಗಕ್ಕೆ ಹೋಗೋದೇ ಇಲ್ಲ, ನನಗ್ಯಾಕೆ ವೈರಸ್ ಬರುತ್ತೆ' ಎನ್ನುವುದು ಸಿದ್ಧ ಉತ್ತರ. ಈ ವಾದದಲ್ಲಿ ಬಿಟ್ಟುಹೋದದ್ದು ಒಂದಿದೆ. ಹೊಸ ಓಎಸ್‌ಗೆ ತಿಂಗಳು ತಿಂಗಳು ಬರುವ ತೇಪೆಗಳಲ್ಲಿ ಎಷ್ಟೋ ತೇಪೆಗಳು ಹಳೇ ಓಎಸ್‌ನಲ್ಲೂ ಇರುವ ಅದೇ ತೂತಿಗೆ ಹಾಕಿದವು, ಏಕೆಂದರೆ ಎರಡರ ಒಳಗಿನ ಕೋಡ್ ಸಾಲುಗಳು ಬಹಳ ಮಟ್ಟಿಗೆ ಒಂದೇ. ತೇಪೆ ಹಾಕುವ ಮೊದಲು ಹೇಗಿತ್ತು, ಹಾಕಿದ ಮೇಲೆ ಹೇಗಾಯಿತು ಎಂದು ಹೋಲಿಸಿ ನೋಡುವ ಕಳ್ಳನಿಗೆ ತೂತು ಎಲ್ಲಿತ್ತು ಎಂದು ತಿಳಿಯುತ್ತದೆ. ಹೊಸದಕ್ಕೆ ತೇಪೆ ಬಿದ್ದಾಗಿದೆ. ಹಳೆಯದಕ್ಕೆ ತೇಪೆ ಇಲ್ಲ, ಆದರೆ ತೂತಿನ ವಿಳಾಸ ಊರಿಗೆಲ್ಲ ಗೊತ್ತಾಗಿದೆ. ಬೆಂಬಲ ನಿಂತ ಓಎಸ್ ನಿಂತ ದಿನಕ್ಕಿಂತ ಒಂದು ವರ್ಷದ ಮೇಲೆ ಹೆಚ್ಚು ಅಪಾಯಕಾರಿಯಾಗುವುದು ಈ ಕಾರಣಕ್ಕೆ. ಅದರ ಪಾಡಿಗೆ ಅದು ಬದಲಾಗದೆ ಕೂತಿದ್ದರೂ ಹೊರಗಿನ ತಿಳಿವಳಿಕೆ ಬೆಳೆಯುತ್ತಲೇ ಇರುತ್ತದೆ.

ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳುತ್ತಿದ್ದ ವಾನಾಕ್ರೈನ 2017ರ ಮೇ ತಿಂಗಳ ಹಾವಳಿ ನೆನಪಿರಬಹುದು. ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ನೆಟ್‌ವರ್ಕ್‌ನಲ್ಲಿ ಒಂದು ಯಂತ್ರ ಕೆಟ್ಟರೆ ಫೈಲ್ ಹಂಚಿಕೆಯ ಹಳೇ ಪದ್ಧತಿಯ ತೂತಿನಿಂದ ಪಕ್ಕದ ಯಂತ್ರಕ್ಕೆ ತಾನೇ ಹರಡಿತು. ಬೆಂಬಲದಲ್ಲಿದ್ದ ಆವೃತ್ತಿಗಳಿಗೆ ತೇಪೆ ಮಾರ್ಚ್‌ನಲ್ಲೇ ಬಂದಿತ್ತು. 2014ರ ಏಪ್ರಿಲ್‌ನಲ್ಲೇ ಬೆಂಬಲ ಮುಗಿದಿದ್ದ ಎಕ್ಸ್‌ಪಿಗೆ ಎಲ್ಲರಿಗೂ ಸಿಗುವ ತೇಪೆ ಬಂದದ್ದು ಹಾವಳಿ ಎದ್ದ ಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ. ಆದರೆ ಆ ಸಲ ಹೆಚ್ಚು ಏಟು ತಿಂದದ್ದು ಎಕ್ಸ್‌ಪಿ ಅಲ್ಲ, ಅಪ್‌ಡೇಟ್ ಹಾಕಿಕೊಳ್ಳದೆ ಬಿಟ್ಟಿದ್ದ 7ರ ಯಂತ್ರಗಳು. ಓಎಸ್ ಹಳೆಯದೋ ಹೊಸದೋ ಎಂಬುದಕ್ಕಿಂತ ಅದಕ್ಕೆ ತೇಪೆ ಬೀಳುತ್ತಿದೆಯೋ ಇಲ್ಲವೋ ಎಂಬುದೇ ನಾನು ಮೊದಲು ಕೇಳುವ ಪ್ರಶ್ನೆ. ಬೆಂಬಲದಲ್ಲಿರುವ 10ಕ್ಕೂ ಅಪ್‌ಡೇಟ್ ನಿಲ್ಲಿಸಿಟ್ಟ 11ಕ್ಕೂ ನಡುವೆ ಆರಿಸು ಎಂದರೆ ನಾನು ಮೊದಲನೆಯದನ್ನೇ ಆರಿಸುತ್ತೇನೆ.

ಈ ಲೆಕ್ಕದಲ್ಲಿ 10ರ ಆಯಸ್ಸು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸಾಮಾನ್ಯ ಬಳಕೆದಾರರಿಗೆ ಹೆಚ್ಚುವರಿ ಸುರಕ್ಷಾ ಅಪ್‌ಡೇಟ್ ಎಂದು ಮೈಕ್ರೋಸಾಫ್ಟ್ ಕೊಟ್ಟ ಮೊದಲ ಗಡುವು 2026ರ ಅಕ್ಟೋಬರ್ 13. ಎಲ್‌ಟಿಎಸ್‌ಸಿ ಎಂಬ ದೀರ್ಘಾಯುಷಿ ಆವೃತ್ತಿಗಳಿವೆ, ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021ಕ್ಕೆ 2032ರ ಜನವರಿವರೆಗೂ ಬೆಂಬಲವಿದೆ. ಅವು ಸಂಸ್ಥೆಗಳಿಗೂ ಉಪಕರಣ ತಯಾರಕರಿಗೂ ಕೊಡುವ ಲೈಸೆನ್ಸ್. ನೀವು ನಾವು ನೆಟ್ಟಗಿನ ದಾರಿಯಲ್ಲಿ ಬಿಡಿಯಾಗಿ ಕೊಳ್ಳುವಂಥವಲ್ಲ. ಬೆಂಬಲ ಮುಗಿದ ಮೇಲೆ ಮೊದಲು ಬಾಗಿಲು ಮುಚ್ಚುವುದು ಬ್ರೌಸರ್‌ಗಳು. 7ರ ಬೆಂಬಲ 2020ರ ಜನವರಿಯಲ್ಲಿ ನಿಂತಿತು. ಕ್ರೋಮ್ ಅದನ್ನು ಮೂರು ವರ್ಷ ಎಳೆದು, 109ನೇ ಆವೃತ್ತಿಗೆ ಕೈ ತೊಳೆದುಕೊಂಡಿತು. ಬ್ರೌಸರ್ ಹಳೆಯದಾದ ಮೇಲೆ ಬ್ಯಾಂಕಿನ ಪುಟದಿಂದ ಹಿಡಿದು ಒಂದೊಂದೇ ಜಾಗ ಮುನಿಸಿಕೊಳ್ಳುತ್ತಾ ಹೋಗುತ್ತದೆ.

ಇಷ್ಟೆಲ್ಲ ತೂಗಿ ನೋಡುವಾಗ ನನಗೆ ಹೊಳೆದ ಒಂದು ಸಂಗತಿಯೇ ಕೊನೆಗೆ ನಿರ್ಧಾರವನ್ನು ಸುಲಭ ಮಾಡಿತು. ನನಗೆ 10ರ ಕರ್ನಲ್ ಬೇಕಿರಲಿಲ್ಲ. ಯಂತ್ರದ ಜೊತೆ ಮಾತಾಡುವ ಆ ಒಳತಿರುಳು ಎಷ್ಟು ಹೊಸದಿದ್ದರೆ ಅಷ್ಟು ಒಳ್ಳೆಯದು. ನನಗೆ ಬೇಕಿದ್ದದ್ದು 10ರ ಮುಖ. ವಿಂಡೋಸ್‌ನಲ್ಲಿ ಇವೆರಡನ್ನೂ ಒಂದೇ ಗಂಟು ಕಟ್ಟಿ ಮಾರುತ್ತಾರೆ, ಆದ್ದರಿಂದ ಮುಖ ಬೇಕೆಂದವರು ಹಳೇ ತಿರುಳನ್ನೂ ಹೊತ್ತುಕೊಳ್ಳಬೇಕಾದ ಹಾಗೆ ಕಾಣುತ್ತದೆ. ಮ್ಯಾಕ್‌ನಲ್ಲಂತೂ ಚರ್ಚೆಯೇ ಇಲ್ಲ: ಯಂತ್ರ ಯಾವ ಆವೃತ್ತಿಯ ಜೊತೆ ಹೊರಬಂತೋ ಅದಕ್ಕಿಂತ ಹಿಂದಿನದು ಸಾಮಾನ್ಯವಾಗಿ ಅದರ ಮೇಲೆ ಏಳುವುದೇ ಇಲ್ಲ.

ಲಿನಕ್ಸ್ ಎಂಬ ಮುಕ್ತ ಓಎಸ್‌ನ ಲೋಕದಲ್ಲಿ ಈ ಗಂಟನ್ನು ಎಂದೋ ಬಿಚ್ಚಿದ್ದಾರೆ. 2011ರಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪಿನ (ಇಲ್ಲಿ ಪರದೆಯ ಮೇಲಿನ ಮುಖ ಎಂದರ್ಥ) 3ನೇ ಆವೃತ್ತಿ ಬಂದು ಹಳೇ ಚಹರೆಯನ್ನೇ ಅಳಿಸಿದಾಗ, ಒಪ್ಪದವರು ಗ್ನೋಮ್ 2ರ ಸಾಲುಗಳನ್ನು ಎತ್ತಿಕೊಂಡು ಮಾಟೆ ಎಂಬ ಡೆಸ್ಕ್‌ಟಾಪನ್ನು ಕಟ್ಟಿದರು. ಮುಖ ಹಳೆಯದು, ಅದರ ಕೆಳಗೆ ಓಡುವ ಕರ್ನಲ್ ಇವತ್ತಿನದು. ಉಬುಂಟು ಎಂಬ ಲಿನಕ್ಸ್‌ನ 22.04 ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ ಆವೃತ್ತಿ) ಮೊದಲು 5.15 ಕರ್ನಲ್ ಜೊತೆ ಬಂತು, ಅದೇ 22.04ನ್ನು ಇಟ್ಟುಕೊಂಡೇ ಎಚ್‌ಡಬ್ಲ್ಯೂಇ ಎಂಬ ದಾರಿಯಲ್ಲಿ 6.8ರವರೆಗೂ ಹೋಗಬಹುದು. ಹಳೇ ಎಲ್‌ಟಿಎಸ್ ಹಾಕಿದ ಹೊಸ ಲ್ಯಾಪ್‌ಟಾಪಿನಲ್ಲಿ ವೈಫೈ ಕಾಣುತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಕರ್ನಲ್ ಯಾವುದು ಎಂದೇ. ಬಹಳ ಸಲ ಉತ್ತರ ಅಲ್ಲೇ ಇರುತ್ತದೆ.

ವಿಂಡೋಸ್‌ನಲ್ಲೂ ಗಂಟನ್ನು ಸ್ವಲ್ಪ ಸಡಿಲಿಸಬಹುದು. 8ರ ಕಾಲದಲ್ಲಿ ಎಷ್ಟೋ ಜನರನ್ನು ಕಾಪಾಡಿದ ಕ್ಲಾಸಿಕ್ ಶೆಲ್‌ನ ಅಭಿವೃದ್ಧಿ 2017ರಲ್ಲಿ ನಿಂತರೂ, ಅದರ ಸಾಲುಗಳಿಂದ ಮುಂದುವರಿದ ಓಪನ್ ಶೆಲ್ ಹಳೇ ಬಗೆಯ ಸ್ಟಾರ್ಟ್ ಮೆನುವನ್ನು ಕೊಡುತ್ತದೆ. ಟಾಸ್ಕ್‌ಬಾರ್ ಐಕಾನ್‌ಗಳನ್ನು ನಡುವಿನಿಂದ ಎಡಕ್ಕೆ ಸರಿಸಲು ಸೆಟಿಂಗ್ಸ್‌ನಲ್ಲೇ ಆಯ್ಕೆ ಇದೆ. ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿದರೆ ಹಳೇ ಉದ್ದನೆಯ ಪಟ್ಟಿ ಬರುತ್ತದೆ. ದೊಡ್ಡ ಅಪ್‌ಡೇಟ್ ಬಂದಾಗ ಇಂಥ ಹೊರಗಿನ ಸಾಧನಗಳು ಒಮ್ಮೊಮ್ಮೆ ಮುರಿದುಬೀಳುತ್ತವೆ, ಆಗ ಅವರು ಸರಿಪಡಿಸುವವರೆಗೆ ಕಾಯಬೇಕು. ಸಿಸ್ಟಮ್ ಫೈಲ್‌ಗಳಿಗೇ ಕೈ ಹಾಕುವ ಸಾಧನಗಳಿಂದ ನಾನು ದೂರ. ಮೆನು, ಪಟ್ಟಿ, ಐಕಾನು, ಇಷ್ಟಾದ ಮೇಲೆ ನನ್ನ ದೂರಿನಲ್ಲಿ ಉಳಿದದ್ದು ಪರದೆಯ ಪಕ್ಕದಲ್ಲಿ ನಿಲ್ಲುತ್ತಿದ್ದ ಟಾಸ್ಕ್‌ಬಾರ್ ಒಂದೇ. ಅದೊಂದಕ್ಕಾಗಿ ಬೆಂಬಲ ಮುಗಿದ ಓಎಸ್ ಹಾಕುವುದು ನನಗೆ ಲಾಭದ ವ್ಯವಹಾರ ಅನ್ನಿಸಲಿಲ್ಲ. 11 ಉಳಿಯಿತು.

ನಿಮ್ಮ ತೂಕ ಬೇರೆಯಾಗಬಹುದು, ಅದಕ್ಕೆ ಒಂದೆರಡು ಮಾತು. ಲೈಸೆನ್ಸ್ ನೋಡಿಕೊಳ್ಳಿ: ಲ್ಯಾಪ್‌ಟಾಪ್ ಜೊತೆ ಬಂದ ಪ್ರೊ ಆವೃತ್ತಿಗೆ ಹಿಂದಿನ ಪ್ರೊಗೆ ಇಳಿಯುವ ಹಕ್ಕಿದೆ, ಹೋಮ್‌ಗೆ ಇಲ್ಲ. ತಯಾರಕರ ಬೆಂಬಲ ಪುಟಕ್ಕೆ ಹೋಗಿ ನಿಮ್ಮ ಮಾದರಿ ಸಂಖ್ಯೆ ಹಾಕಿ, ಓಎಸ್ ಪಟ್ಟಿಯಲ್ಲಿ ನಿಮಗೆ ಬೇಕಾದದ್ದು ಇದೆಯೇ ನೋಡಿ. ಇಲ್ಲದಿದ್ದರೆ ಅರ್ಧ ಉತ್ತರ ಸಿಕ್ಕ ಹಾಗೆ. ಇದ್ದರೆ ಎಲ್ಲ ಡ್ರೈವರ್‌ಗಳನ್ನೂ, ಮುಖ್ಯವಾಗಿ ವೈಫೈ ಡ್ರೈವರನ್ನು, ಮೊದಲೇ ಇಳಿಸಿಕೊಂಡು ಬೇರೆ ಪೆನ್ ಡ್ರೈವ್‌ನಲ್ಲಿಡಿ. ವೈಫೈ ಇಲ್ಲದೆ ವೈಫೈ ಡ್ರೈವರ್ ಇಳಿಸಿಕೊಳ್ಳಲಾಗದು ಎಂಬುದು ಆ ಹೊತ್ತಿನಲ್ಲಿ ಮಾತ್ರ ನೆನಪಾಗುವ ಸತ್ಯ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ನಿಮಗೆ ಗೊತ್ತಿಲ್ಲದೆಯೇ ಎನ್‌ಕ್ರಿಪ್ಟ್ (ಕೀಲಿ ಇಲ್ಲದೆ ಓದಲಾಗದ ಹಾಗೆ ಬೀಗ) ಆಗಿರುತ್ತದೆ. ಸೆಕ್ಯೂರ್ ಬೂಟ್ ಅಥವಾ ಟಿಪಿಎಂ ಎಂಬ ಸುರಕ್ಷತೆಯ ಸೆಟಿಂಗ್ ಮುಟ್ಟಿದಿರೋ, ಮುಂದಿನ ಸಲ ಆನ್ ಮಾಡಿದಾಗ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದನ್ನು ಮೊದಲೇ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಹೊಸ ಓಎಸ್‌ನ ರಿಕವರಿ ಡ್ರೈವ್ ಮಾಡಿಟ್ಟುಕೊಳ್ಳುವುದನ್ನೂ ಮರೆಯಬೇಡಿ. ಜಾಗವಿದ್ದರೆ ಎರಡನೇ ಎಸ್‌ಎಸ್‌ಡಿ ಹಾಕಿ ಹಳೆಯದನ್ನು ಅದರಲ್ಲಿ ಹಾಕುವುದು ಎಲ್ಲಕ್ಕಿಂತ ಮೇಲು, ಬೇಡವಾದರೆ ಕಿತ್ತು ಇಡಬಹುದು.

ತಂಗಿಯ ಕತೆಗೆ ಈ ಯಾವ ಬುದ್ಧಿಮಾತೂ ಹೊಂದುವುದಿಲ್ಲ. ಅವಳಿಗೆ ಬೇಕಿದ್ದದ್ದು ಮುಖವಲ್ಲ, ನಿಜವಾದ ಹಳೇ ತಿರುಳೇ. ವಿಚಾರಿಸುತ್ತಾ ಹೋದ ಹಾಗೆ ತೊಡಕು ಎಲ್ಲಿದೆ ಎಂದು ತಿಳಿಯಿತು. ಆ ಸಾಫ್ಟ್‌ವೇರ್ ಸ್ವತಃ 32 ಬಿಟ್‌ನದು, ಅದರ ಸೆಟಪ್ ಮಾತ್ರ 16 ಬಿಟ್‌ನದು. 1990ರ ದಶಕದ ಎಷ್ಟೋ ಸಾಫ್ಟ್‌ವೇರ್‌ಗಳ ಹಣೆಬರಹ ಇದು. 64 ಬಿಟ್‌ನ ಯಾವ ವಿಂಡೋಸೂ 16 ಬಿಟ್‌ನ ಪ್ರೋಗ್ರಾಮನ್ನು ಮುಟ್ಟುವುದಿಲ್ಲ, 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಉಪಕರಣ ಕಂಪ್ಯೂಟರಿನ ಜೊತೆ ಮಾತಾಡುವುದು ಒಂಬತ್ತು ಪಿನ್‌ನ ಸೀರಿಯಲ್ ಪೋರ್ಟ್ ಮೂಲಕ. ಇದನ್ನು ಕೇಳಿ ನನಗೆ ನಿರಾಳವಾಯಿತು. ಕಂಪ್ಯೂಟರಿನ ಒಳಗೆ ಸಿಕ್ಕಿಸುವ ವಿಶೇಷ ಕಾರ್ಡ್ ಆಗಿದ್ದರೆ ಲ್ಯಾಪ್‌ಟಾಪ್ ಎಂಬ ಮಾತನ್ನೇ ಬಿಡಬೇಕಿತ್ತು.

"ಎಕ್ಸ್‌ಪಿ ಹಾಕೋಣ, ಆದರೆ ಲ್ಯಾಪ್‌ಟಾಪಿಗಲ್ಲ, ಲ್ಯಾಪ್‌ಟಾಪ್ ಒಳಗೆ ಒಂದು ವರ್ಚುವಲ್ ಮಷೀನಿಗೆ," ಎಂದೆ.

"ಅಂದ್ರೆ ಡೂಪ್ಲಿಕೇಟಾ?"

"ಎಕ್ಸ್‌ಪಿ ಅಸಲಿಯೇ. ಅದು ಕಾಣೋ ಕಂಪ್ಯೂಟರ್ ಮಾತ್ರ ಡೂಪ್ಲಿಕೇಟು."

ಇದು ಹೊಸ ಉಪಾಯವೇನಲ್ಲ. 2009ರಲ್ಲಿ 7 ಬಂದಾಗ ಅದರ ಪ್ರೊಫೆಷನಲ್ ಮತ್ತು ಮೇಲಿನ ಆವೃತ್ತಿಗಳಿಗೆ ಮೈಕ್ರೋಸಾಫ್ಟೇ 'ಎಕ್ಸ್‌ಪಿ ಮೋಡ್' ಎಂದು ಇದನ್ನೇ ಕೊಟ್ಟಿತ್ತು. ವರ್ಚುವಲ್ ಮಷೀನು ಎಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರ್. ಅದು ಎಕ್ಸ್‌ಪಿಗೆ ಅದರ ಕಾಲದ ಡಿಸ್ಕ್, ಅದರ ಕಾಲದ ಗ್ರಾಫಿಕ್ಸ್ ತೋರಿಸುತ್ತದೆ. ಡ್ರೈವರ್ ಗೋಳು ಅಲ್ಲಿಗೆ ಮುಗಿಯಿತು. ಲ್ಯಾಪ್‌ಟಾಪಿಗೆ ಒಂದು ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಹಾಕಿ, ಆ ಪೋರ್ಟನ್ನು ಒಳಗಿನ ಯಂತ್ರಕ್ಕೆ ಕಾಮ್1 (ಮೊದಲ ಸೀರಿಯಲ್ ಪೋರ್ಟ್) ಎಂದು ದಾಟಿಸಿದೆವು. ನೆಟ್‌ವರ್ಕ್ ಕಾರ್ಡನ್ನು ಸೆಟಿಂಗ್‌ನಲ್ಲಿ ತೆಗೆದೇಬಿಟ್ಟೆವು, ಆದ್ದರಿಂದ ತೇಪೆ ಇಲ್ಲದ ಎಕ್ಸ್‌ಪಿಗೆ ಹೊರಲೋಕದ ಗಾಳಿಯೇ ತಾಗುವುದಿಲ್ಲ. ಲೈಸೆನ್ಸ್ ವಿಷಯವನ್ನು ಅವರ ಸಂಸ್ಥೆಯ ಐಟಿಯವರು ತಮ್ಮ ಒಪ್ಪಂದದಲ್ಲಿ ನೋಡಿಕೊಂಡರು. ಸೆಟಪ್ ಗೊಣಗದೆ ಓಡಿತು, ಉಪಕರಣ ಉತ್ತರ ಕೊಟ್ಟಿತು.

ಹಳೇ ಡೆಸ್ಕ್‌ಟಾಪನ್ನು ಗುಜರಿಗೆ ಹಾಕಿಬಿಡಲಾ ಎಂದು ಕೇಳಿದಳು. ಸದ್ಯ ಬೇಡ ಎಂದಿದ್ದೇನೆ. ಸೀರಿಯಲ್ ಸಂದೇಶಗಳ ವೇಳೆ ವರ್ಚುವಲ್ ಮಷೀನಿನಲ್ಲಿ ಮಿಲಿಸೆಕೆಂಡ್ ಲೆಕ್ಕದಲ್ಲಿ ಹಿಂದೆಮುಂದೆ ಆಗಬಹುದು, ಕೆಲವು ಹಳೇ ಸಾಫ್ಟ್‌ವೇರ್‌ಗಳಿಗೆ ಅದು ಸರಿಬರುವುದಿಲ್ಲ. ಒಂದೇ ಮಾದರಿಯನ್ನು ಎರಡೂ ಕಡೆ ಅಳೆದು ಅಂಕಿಗಳನ್ನು ಪಕ್ಕಪಕ್ಕ ಬರೆದಿಡುತ್ತಿದ್ದಾಳೆ. ಅವು ಹೊಂದಿಕೊಂಡರೆ ವರ್ಚುವಲ್ ಮಷೀನಿನ ಫೈಲನ್ನು ಎರಡು ಬೇರೆ ಬೇರೆ ಡಿಸ್ಕ್‌ಗಳಿಗೆ ನಕಲು ಮಾಡಿಟ್ಟು, ಆಮೇಲೆ ಡೆಸ್ಕ್‌ಟಾಪಿನ ಮಾತು.